ಬಂದ್ ಮಾಡಿದ ಅಂಗಡಿ

ಪ್ರೀತಿಯ ಮಂಜ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ನಾಲ್ಕು ಜನ ನೋಡುತ್ತಿದ್ದರೆ ನೀನು ಸ್ವಲ್ಪ ಕಡಿಮೆ ಬೈತೀಯ ಅನ್ನೋ ಧೈರ್ಯ. ಕೆಂಪು ಬಕೆಟ್ಟಿನ ಆಣೆ, ಬೇರೆ ಉದ್ದೇಶ ಇಲ್ಲ.

ನಿನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ ಕುರಿಗಳ ಸ್ಕ್ರೇಪಿ ಕಾಯಿಲೆ ಬಗ್ಗೆ ಓದುತ್ತಾ ಕೂತೆ. ತುರಿಕೆ ತಡೆಯಲಾಗದೆ ಬೇಲಿಗೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಿತ್ತುಕೊಳ್ಳುತ್ತವೆ. ಮಿದುಳು ಸ್ಪಂಜಿನಂತೆ ತೂತು ಬೀಳುತ್ತದೆ. ವೈರಸ್ಸೂ ಇಲ್ಲ, ಬ್ಯಾಕ್ಟೀರಿಯಾನೂ ಇಲ್ಲ. ಮಿದುಳಿನದೇ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಪಕ್ಕದವನ್ನೂ ತನ್ನ ಹಾಗೇ ಮಡಚುತ್ತಾ ಹೋಗುತ್ತದೆ. 1982ರಲ್ಲಿ ಅಮೆರಿಕದ ವಿಜ್ಞಾನಿ ಸ್ಟಾನ್ಲಿ ಪ್ರುಸಿನರ್ ಇದಕ್ಕೆ ಪ್ರಿಯಾನ್ ಅಂತ ಹೆಸರಿಟ್ಟ. ಹೆಸರಲ್ಲಷ್ಟೇ ಪ್ರಿಯ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಜೊವಾನಾ ಮಲ್ಲೂಚಿ ಅನ್ನೋ ವಿಜ್ಞಾನಿಯ ತಂಡದವರು ಇದೇ ರೋಗ ಹತ್ತಿಸಿದ ಇಲಿಗಳಲ್ಲಿ ನೋಡಿದ್ದನ್ನು 2012ರಲ್ಲಿ ಬರೆದರು. ಕೆಟ್ಟ ಪ್ರೋಟೀನು ತುಂಬಿಕೊಂಡಾಗ ನರಕೋಶ ಗಾಬರಿಬಿದ್ದು ಬಂದ್ ಘೋಷಿಸುತ್ತದೆ. ಹೊಸ ಪ್ರೋಟೀನು ತಯಾರಿಸೋದನ್ನೇ ನಿಲ್ಲಿಸುತ್ತದೆ. ಸ್ವಲ್ಪ ಹೊತ್ತಿಗಾದರೆ ಒಳ್ಳೆ ಉಪಾಯವೇ. ಆದರೆ ಕೆಟ್ಟದ್ದು ಬರುತ್ತಲೇ ಇರುತ್ತದಲ್ಲ, ಶಟರ್ ಮೇಲೇಳುವುದೇ ಇಲ್ಲ. ಪಕ್ಕದ ಕೋಶದ ಜೊತೆ ಮಾತಾಡುವ ಕೊಂಡಿಗಳಿಗೆ ದಿನಾ ಬೇಕಾದ ಸಾಮಾನೂ ಸಿಗುವುದಿಲ್ಲ. ಆ ಇಲಿಗಳಲ್ಲಿ 9ನೇ ವಾರದ ಹೊತ್ತಿಗೆ ಕೊಂಡಿಗಳು ಸೋತವು. ಆಮೇಲೆ ಕೋಶಗಳೇ ಸತ್ತವು. ಮರುವರ್ಷ ಒಂದು ಔಷಧಿ ಕೊಟ್ಟು ಬಂದ್ ತೆಗೆಸಿದರು. ಕೆಟ್ಟ ಪ್ರೋಟೀನು ಇದ್ದಷ್ಟೇ ಇತ್ತು, ಕೋಶಗಳು ಉಳಿದವು! (ಇಲಿಗಳು ಸೊರಗಿದವು, ಮೇದೋಜೀರಕಕ್ಕೆ ಏಟು ಬಿತ್ತು. ಪುಕ್ಕಟೆ ಏನು ಸಿಗುತ್ತೆ ಹೇಳು.)

ಅಪ್ಪ ಹೋದಮೇಲೆ ನೀನು ಮಾಡಿದ 11 ಕಾಲ್‌ಗಳನ್ನೂ ನಾನು ನೋಡಿದೆ ಕಣೋ. ಚಾರ್ಜ್ ಇರಲಿಲ್ಲ ಅಂದಿದ್ದು ಸುಳ್ಳು. ಫೋನು ಕೈಯಲ್ಲೇ ಇರುತ್ತಿತ್ತು. ರಿಂಗು ನಿಲ್ಲುವ ತನಕ ನೋಡುತ್ತಾ ಕೂರುತ್ತಿದ್ದೆ. ಎರಡು ವಾರ ಹೀಗಿರೋಣ ಅಂದುಕೊಂಡಿದ್ದೆ, 8 ತಿಂಗಳಾಯಿತು. ಈಗ ಅಮ್ಮನ ಫೋನನ್ನೂ ಎತ್ತುತ್ತಿಲ್ಲ.

ಛೇ, ಇಷ್ಟೆಲ್ಲಾ ಬರೆಯೋ ಪ್ಲಾನ್ ಇರಲಿಲ್ಲ. ನನ್ನ ತಲೆಯೂ ಸ್ಪಂಜಾಗಿದೆಯಾ ಅಂತ ಭಾನುವಾರ ಬಂದು ಒತ್ತಿ ನೋಡು. ಉಪ್ಪಿಟ್ಟು ಮಾಡಿರುತ್ತೇನೆ. ಹೆದರಬೇಡ, ಈ ಸಲ ಉಪ್ಪು ನೀನೇ ಹಾಕು.

ನಿನ್ನ
ಬಕೆಟ್