ಅಣ್ಣನ ಬಿಡುಗಡೆ: ನಿಮ್ಮ ಋಣ, ಸರ್ಕಾರದ ಬಾಕಿ

ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ನಮ್ಮಣ್ಣನನ್ನು ಹೈಕೋರ್ಟು ಖುಲಾಸೆ ಮಾಡಿದೆ. ಅವನು ಮನೆಗೆ ಬಂದಿದ್ದಾನೆ. ಫೋನ್ ಮಾಡಿದವರು, ಬಂದು ಹೋದವರು ಬಹಳ. ಎಲ್ಲರಿಗೂ ಸೇರಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಉಚಿತ ಕಾನೂನು ನೆರವಿನಿಂದ ಸಿಕ್ಕ ವಕೀಲರಿಗೆ. ಫೀಸಿಲ್ಲದ ವಕೀಲರು ಫೈಲಾದರೂ ಬಿಚ್ಚುತ್ತಾರಾ ಅಂತ ಊರಲ್ಲಿ ಮಾತಿತ್ತು. ಆ ಮೇಡಂ ಒಂದೊಂದು ಸಾಕ್ಷಿ ಹೇಳಿಕೆಯನ್ನೂ ಬೆರಳಿಟ್ಟು ಓದಿದರು. ಕೊಲೆಗೆ ಬಳಸಿದ್ದೆಂದು ಪೊಲೀಸರು ಹೇಳಿದ ಮಚ್ಚು ಸಿಕ್ಕಿತೆನ್ನುವ ಜಾಗಕ್ಕೆ ತಾನು ಹೋಗೇ ಇಲ್ಲ, ಮಹಜರಿಗೆ ಠಾಣೆಯಲ್ಲೇ ಸಹಿ ಹಾಕಿದೆ ಎಂದು ಮಹಜರಿನ ಸಾಕ್ಷಿಯಾದ ಪಂಚರೊಬ್ಬರು ಪಾಟೀಸವಾಲಿನಲ್ಲಿ ಒಪ್ಪಿದ್ದರು. ಕೆಳಗಿನ ಕೋರ್ಟಿನ ತೀರ್ಪಿನಲ್ಲಿ ಆ ಮಾತೇ ಇರಲಿಲ್ಲ. ಮೇಲ್ಮನವಿ ನಿಂತದ್ದು ಅದರ ಮೇಲೆ.

ಪಕ್ಕದ ಹೊಲದ ಗೌಡ್ರಿಗೆ ಏನು ಹೇಳಲಿ? ಕೋರ್ಟು ಖರ್ಚಿಗೆ ಎರಡೆಕರೆ ಮಾರಲು ಹೊರಟಾಗ ತಡೆದು, ತಾವೇ ಪಾಲಿಗೆ ಉತ್ತು, ಶೇಂಗಾದ ದುಡ್ಡನ್ನು ಅತ್ತಿಗೆಯ ಕೈಗೇ ಕೊಟ್ಟರು. ಸ್ತ್ರೀಶಕ್ತಿ ಸಂಘದವರು ಅತ್ತಿಗೆಯನ್ನು ಕೈಬಿಡಲಿಲ್ಲ. ಅಣ್ಣ ಹೋದಾಗ ಅಂಗನವಾಡಿಯಲ್ಲಿದ್ದ ಮಗಳು ಈಗ ಎಸ್ಸೆಸ್ಸೆಲ್ಸಿ. ಪ್ರತಿ ವರ್ಷ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ಮೇಷ್ಟ್ರು ಏನೂ ಕೇಳದೆ 'ಕೃಷಿ' ಅಂತಲೇ ಬರೆದರು.

ಬಂದವರೆಲ್ಲ ಕೇಳುವುದು ಒಂದೇ: ಪರಿಹಾರ ಎಷ್ಟು ಬಂತು? ಬಂದಿಲ್ಲ. ಕೊಡಲೇಬೇಕೆನ್ನುವ ಕಾನೂನೇ ನಮ್ಮಲ್ಲಿಲ್ಲ. ಅಣ್ಣ ತಂದದ್ದು ಜೈಲಿನ ಮಗ್ಗದಲ್ಲಿ ದುಡಿದ ಕೂಲಿ, ಅಷ್ಟೇ. ಬಿಹಾರದ ರುದುಲ್ ಸಾಹ್ ಖುಲಾಸೆಯಾದ ಮೇಲೂ 14 ವರ್ಷ ಜೈಲಲ್ಲೇ ಇದ್ದರು. 1983ರಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ್ದು ಒಟ್ಟು 35,000 ರೂಪಾಯಿ. ಸುಳ್ಳು ಗೂಢಚಾರಿಕೆ ಕೇಸಿನಲ್ಲಿ ಸಿಕ್ಕಿಸಲ್ಪಟ್ಟಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ. ಎರಡೂ ಆಯಾ ಕೇಸಿಗೆ ಕೋರ್ಟು ಕೊಟ್ಟದ್ದು, ನಿಯಮದಂತೆ ಬಂದದ್ದಲ್ಲ. ಅದೇ ವರ್ಷ ಕೇಂದ್ರ ಸರ್ಕಾರಕ್ಕೆ ಕಾನೂನು ಸಲಹೆ ಕೊಡುವ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಇದಕ್ಕೆಂದೇ ವಿಶೇಷ ನ್ಯಾಯಾಲಯ ಬೇಕು, ದುಡ್ಡಿನ ಜತೆ ಕೌನ್ಸೆಲಿಂಗ್, ಕೆಲಸದ ತರಬೇತಿಯೂ ಸಿಗಬೇಕು ಎಂದಿತ್ತು. ಆದರೆ ಅದರ ಪ್ರಕಾರವೂ ಬರೀ ಖುಲಾಸೆ ಸಾಲದು. ಪೊಲೀಸರು ಅಥವಾ ಪ್ರಾಸಿಕ್ಯೂಷನ್‌ನವರು ದುರುದ್ದೇಶದಿಂದ ಇಲ್ಲವೇ ಸದ್ಭಾವನೆಯಿಲ್ಲದೆ ಕೇಸು ನಡೆಸಿದರೆಂದು ತೋರಿಸಬೇಕು. ಒಳಗೆ ಕೂತು ಬಂದವನೇ ಮತ್ತೆ ಸಾಕ್ಷಿ ಹುಡುಕಬೇಕಂತೆ! ಇಷ್ಟನ್ನೆಲ್ಲ ನನಗೆ ಬಿಡಿಸಿ ಹೇಳಿದ್ದೂ ಆ ಮೇಡಂ. ಪರಿಹಾರ ಕೇಳಿ ರಿಟ್ ಅರ್ಜಿ ಹಾಕುವ ತಯಾರಿಯೂ ಅವರದೇ.

ಚಂದಾ ಎತ್ತುತ್ತೇವೆ ಎಂದ ಗೆಳೆಯರೇ, ನಿಮ್ಮ ಮನಸ್ಸು ದೊಡ್ಡದು, ಆದರೆ ಬೇಡ. ನೀವು ಕೊಡಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದೀರಿ. ಈ ಬಾಕಿ ಸರ್ಕಾರದ್ದು, ಸರ್ಕಾರವನ್ನೇ ಕೇಳುತ್ತೇವೆ.

ಸದ್ಯಕ್ಕೆ ಅಣ್ಣನ ಹೆಸರನ್ನು ರೇಷನ್ ಕಾರ್ಡಿಗೆ ಮತ್ತೆ ಸೇರಿಸಬೇಕಿದೆ. ಆ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.