ತಂಡದ ಹೊಣೆ ಹೊತ್ತ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಮ್ಮಿಬ್ಬರ ಮಾತು ಬಿರುಸಾಯಿತು. ನಿನ್ನ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸು. ಆದರೆ ವಿಷಯವನ್ನು ಅಲ್ಲಿಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಇಷ್ಟು ಬೇಗ ಒಂದು ತಂಡದ ಹೊಣೆ ನಿನ್ನ ಹೆಗಲೇರಿದ್ದು ನನಗೆಷ್ಟು ಹೆಮ್ಮೆಯೆಂದು ಹೇಳುವ ಮೊದಲೇ ಜಗಳವಾಗಿಬಿಟ್ಟಿತು.

ನಿನ್ನ ತಂಡದ ಹೊಸ ಹುಡುಗಿ ಸಿದ್ಧಪಡಿಸಿದ ವರದಿಯಲ್ಲಿ ಲೆಕ್ಕ ತಪ್ಪಿತ್ತೆಂದು, ಅವಳಿಗೆ ಒಂದು ಮಾತೂ ತಿಳಿಸದೆ, ರಾತ್ರಿಯೆಲ್ಲ ಕುಳಿತು ನೀನೇ ಹೊಸದಾಗಿ ಬರೆದು ಕಳುಹಿಸಿದೆ ಎಂದೆ. ಗಡುವು ತಪ್ಪಲಿಲ್ಲ, ನಿಜ. ಬೆಳಿಗ್ಗೆ ಅದನ್ನು ತೆರೆದು ನೋಡಿದ ಹುಡುಗಿ ‘ಸರಿ ಮೇಡಂ’ ಎಂದಷ್ಟೇ ಹೇಳಿ ಸುಮ್ಮನಾದಳಂತೆ. ಆ ಮೌನವೇ ನನ್ನ ನಿದ್ದೆ ಕೆಡಿಸಿದೆ. ನಾಳೆ ನಿನ್ನದೇ ಲೆಕ್ಕದಲ್ಲಿ ತಪ್ಪು ಕಂಡರೂ ಅವಳು ‘ಸರಿ ಮೇಡಂ’ ಎಂದೇ ಹೇಳಿದರೆ? ಅವಳನ್ನು ನೋಡಿ ಉಳಿದವರೂ ಹಾಗೆಯೇ ಕಲಿತರೆ?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿಯವರು ಆದ ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದರು ಎಂಬುದು ಅವರಿಗೆ ಹೊಳೆದ ಕಾರಣ. ಮುಂದೆ ತಯಾರಿಕಾ ಕಂಪನಿಯೊಂದರ 51 ತಂಡಗಳನ್ನು ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅಂಜದೆ ಮಾತನಾಡಬಲ್ಲ ತಂಡಗಳು ಹೆಚ್ಚು ಕಲಿಯುತ್ತವೆ, ಕಲಿತದ್ದರಿಂದ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಅವರು ತೋರಿಸಿದರು. ಟೊಯೊಟಾ ಕಾರ್ಖಾನೆಗಳಲ್ಲಿ ದೋಷ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆದು ತಂಡದ ಮುಖ್ಯಸ್ಥನನ್ನು ಕರೆಯುವ ಪದ್ಧತಿಯಿತ್ತು. ಇಬ್ಬರೂ ಸೇರಿ ಅದನ್ನು ಬೇಗ ಸರಿಪಡಿಸಲಾಗದಿದ್ದರೆ ಉತ್ಪಾದನೆಯ ಸಾಲೇ ನಿಲ್ಲುತ್ತಿತ್ತು. ಮುಖ್ಯಸ್ಥ ಅಲ್ಲಿಗೆ ಓಡಿ ಬರುತ್ತಿದ್ದುದು ನೆರವಾಗಲೆಂದು. ನೀನೂ ಹಾಗೆ ಅವಳ ಪಕ್ಕದಲ್ಲಿ ಹೋಗಿ ನಿಲ್ಲಬೇಕಿತ್ತು.

ತನ್ನ ಶ್ರಮ ಎಲ್ಲಿ ಸೇರಿತೆಂದು ಕಾಣದವರಿಗೆ ಸಂಬಳ ಬಂದರೂ ಕೆಲಸದಲ್ಲಿ ತೃಪ್ತಿ ಸಿಗುವುದಿಲ್ಲ. ಅಂಥವರು ಒಳಗೊಳಗೇ ಬೇರೆ ಕೆಲಸ ಹುಡುಕತೊಡಗುತ್ತಾರೆ. ಆಗ ಅವರ ಪಾಲಿನ ಕೆಲಸವೂ ನಿನ್ನ ತಲೆಯ ಮೇಲೆಯೇ ಬೀಳುತ್ತದೆ. ಹೀಗೆ ನಿದ್ದೆಗೆಟ್ಟು ಒಬ್ಬಳೇ ಎಷ್ಟು ದಿನ ತಾಳೀಯೆ? ನೀನು ಜಾಣೆ, ಅದರಲ್ಲಿ ನನಗೆ ಎಂದೂ ಸಂಶಯವಿಲ್ಲ. ಆದರೆ ನಿನ್ನ ಜಾಣತನ ಪಕ್ಕದವರ ಬಾಯಿ ಕಟ್ಟಬಾರದು.

ಸೋಮವಾರ ಆ ವರದಿಯ ಎರಡೂ ಪ್ರತಿಗಳನ್ನು ಹಿಡಿದು ಅವಳ ಜೊತೆ ಅರ್ಧ ಗಂಟೆ ಕುಳಿತುಕೋ. ಅವಳು ಯಾವ ಅಂಕಿಯನ್ನು ಎಲ್ಲಿಂದ ತೆಗೆದುಕೊಂಡಿದ್ದಳೆಂದು ಮೊದಲು ಕೇಳು; ನೀನು ಬದಲಿಸಿದ್ದನ್ನು ಆಮೇಲೆ ತೋರಿಸು. ಅವಳು ಏನೆಂದಳೆಂದು ನನಗೆ ಅಂದೇ ತಿಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಮ್ಮ