ನೆಪ ಕೊಡದ ಕ್ಯಾಮೆರಾ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಇಲ್ಲಿಯ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿಯೇ ಇರುತ್ತಾಳೆ, ನನ್ನ ಮಂಡಿಯ ವಿಷಯ ಸಮೇತ. ಅದನ್ನು ಮತ್ತೆ ಬರೆಯುವುದಿಲ್ಲ.

ಯಾವ ಕ್ಯಾಮೆರಾ, ಎಷ್ಟು ಮೆಗಾಪಿಕ್ಸೆಲ್, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರೋ ಕನ್ನಡಿ ಇಲ್ಲದ ಮಿರರ್‌ಲೆಸ್ಸೋ ಅಂತ ಪುಟ ತುಂಬಾ ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯೋಣ ಅಂತಲೇ ಕೂತೆ. ಆದರೆ ಸಹಿಗೆ ಮೊದಲು ಒಂದು ಸಾಲು ತುರುಕಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. "ಈಗ ಫೋಟೋ ಕೆಟ್ಟರೆ ಕ್ಯಾಮೆರಾ ಚಿಕ್ಕದು ಅಂತ ಹೇಳಿಕೊಳ್ಳಬಹುದು. ಒಳ್ಳೆಯದು ತಗೊಂಡ ಮೇಲೂ ಹೀಗೇ ಬಂದರೆ, ನನಗೇ ಕಣ್ಣಿಲ್ಲ ಅಂತ ಗೊತ್ತಾಗಿಬಿಡುತ್ತೆ ದೊಡ್ಡಮ್ಮ."

"ಛೆ, ಹಾಗೇನಿಲ್ಲ, ನಿನಗೆ ಒಳ್ಳೆ ಕಣ್ಣಿದೆ" ಅಂತ ಬರೆದು ಮುಗಿಸಬಹುದಿತ್ತು. ನೀನು ಅದನ್ನು ನಂಬುವವಳಲ್ಲ. ಅದಕ್ಕೇ ಕೆಟ್ಟ ಸುದ್ದಿಯನ್ನೇ ಮೊದಲು ಹೇಳಿಬಿಡುತ್ತೇನೆ. ದೊಡ್ಡ ಕ್ಯಾಮೆರಾ ಕೈಗೆ ಬಂದ ಹೊಸತರಲ್ಲಿ ನಿನ್ನ ಎಷ್ಟೋ ಫೋಟೋ ಈಗಿನದಕ್ಕಿಂತ ಕೆಟ್ಟದಾಗಿ ಬರುತ್ತವೆ. ಹೌದು, ಕೆಟ್ಟದಾಗಿ. ಯಾಕೆ ಅಂತ ಕೇಳು.

ಈಗ ನಿನ್ನ ಹತ್ತಿರ ಇರುವಂಥ ಚಿಕ್ಕ ಕ್ಯಾಮೆರಾಗಳಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಕಿರುಬೆರಳಿನ ಉಗುರಿನ ಮೇಲಿಟ್ಟರೂ ಸುತ್ತ ಜಾಗ ಉಳಿಯುತ್ತದೆ. ಸೆನ್ಸರ್ ಅಷ್ಟು ಪುಟ್ಟದಾದರೆ ಲೆನ್ಸಿನ ಫೋಕಲ್ ಲೆಂತ್ (ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) ಕೂಡ ಅಷ್ಟೇ ಕಡಿಮೆ. ಹಾಗಾಗಿ ಎದುರಿನ ಮುಖ, ಹಿಂದಿನ ಗೋಡೆ, ಅದರಾಚೆಯ ಮರ, ಎಲ್ಲವೂ ಹೆಚ್ಚುಕಡಿಮೆ ಸ್ಪಷ್ಟವಾಗಿಯೇ ಬರುತ್ತವೆ. ಫೋಕಸ್ ಒಂದಿಷ್ಟು ತಪ್ಪಿದರೂ ಗೊತ್ತಾಗುವುದಿಲ್ಲ. ಮೇಲಿಂದ ಕ್ಯಾಮೆರಾ ತಾನೇ ಬಣ್ಣ ಏರಿಸಿ, ಅಂಚು ಚೂಪು ಮಾಡಿ ಕೊಡುತ್ತದೆ. ಕೆಟ್ಟದ್ದು ಅಂತ ನೀನು ಬೈಯುವ ಆ ಕ್ಯಾಮೆರಾ ನಿನ್ನನ್ನು ಸದ್ದಿಲ್ಲದೆ ಕಾಪಾಡಿಕೊಂಡು ಬಂದಿದೆ.

ನೀನು ಕೇಳಿದಂಥ ದೊಡ್ಡ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಇರುವ ಎಪಿಎಸ್‌-ಸಿ ಅನ್ನುವ ಸೆನ್ಸರ್ ಸುಮಾರು 23.5 ಮಿಲಿಮೀಟರ್ ಅಗಲ, 15.6 ಎತ್ತರ. ವಿಸ್ತೀರ್ಣದಲ್ಲಿ ನಿನ್ನದರ 13 ಪಟ್ಟು. ಅದಕ್ಕೆ ಎಫ್/1.8 ಲೆನ್ಸ್ ಹಾಕಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಸ್ಪಷ್ಟವಾಗಿ ಬರುವ ಜಾಗ ಕಡಿಮೆ), ಯಾರದಾದರೂ ಮುಖವನ್ನು ಹತ್ತಿರದಿಂದ, ಸ್ವಲ್ಪ ಓರೆಯಾಗಿ ತೆಗೆ. ಒಂದು ಕಣ್ಣಿನ ರೆಪ್ಪೆಗೂದಲು ಎಣಿಸಬಹುದು. ಇನ್ನೊಂದು ಕಣ್ಣು ಮಂಜು. ಕಿವಿಯಂತೂ ಬರೀ ಬಣ್ಣದ ಕಲೆ. ಅದನ್ನು ನೋಡಿದ ಕೂಡಲೇ ನೀನು ಏನು ಅಂದುಕೊಳ್ಳುತ್ತೀಯ ಅಂತ ನನಗೆ ಗೊತ್ತು. "ನೋಡಿದ್ಯಾ, ಕಣ್ಣಿಲ್ಲ."

ಅದು ಕಣ್ಣಿನ ಮಾತೇ ಅಲ್ಲ ಪುಟ್ಟಿ. ಲೆನ್ಸನ್ನು ಎಫ್/4ಕ್ಕೆ ತಂದು, ಒಂದು ಹೆಜ್ಜೆ ಹಿಂದೆ ಸರಿದರೆ ಅರ್ಧ ಸರಿಹೋಗುತ್ತದೆ.

ನನಗೆ ಇದು ಹೇಗೆ ಗೊತ್ತು ಅಂದರೆ, ನಿನ್ನ ಭಯ ನನ್ನದೂ ಆಗಿತ್ತು. ನನ್ನ ಹತ್ತಿರ ಮೊದಲು ಇದ್ದದ್ದು ಒಂದು ಡಬ್ಬಿ ಕ್ಯಾಮೆರಾ. ತಿರುಗಿಸಲು ಏನೂ ಇಲ್ಲ, ಗುಂಡಿ ಒತ್ತಿದರೆ ಮುಗಿಯಿತು. ಫೋಟೋ ಮಬ್ಬಾದರೆ ಬೈಯಲು ಕ್ಯಾಮೆರಾ ಇತ್ತು. ಆಮೇಲೆ ನಿನ್ನ ಸೋದರಮಾವ ಆ ಫಿಲ್ಮ್ ಎಸ್‌ಎಲ್‌ಆರ್ ಕೊಡಿಸಿದ, ಲೆನ್ಸಿನ ಮೂಲಕವೇ ನೋಡಿ ತೆಗೆಯುವ ದೊಡ್ಡ ಕ್ಯಾಮೆರಾ. ಯಾಕೆ ಕೊಡಿಸಿದ, ಆಗ ಮನೆಯಲ್ಲಿ ಎಷ್ಟು ಮಾತಾಯಿತು, ಅದೆಲ್ಲ ನೀನು ಕೇಳಿರುವ ಕತೆಯೇ. ನೀನು ಕೇಳಿರದ ಸಂಗತಿ ಅಂದರೆ, ನಾನು ಅದನ್ನು ಹೆಚ್ಚು ಬಳಸಲೇ ಇಲ್ಲ. ಕೇಳಿದವರಿಗೆ "ರೋಲು ಸುಮ್ನೆ ಹಾಳಾಗುತ್ತೆ" ಅನ್ನುತ್ತಿದ್ದೆ. ಒಂದು ರೋಲಿಗೆ 36 ಫೋಟೋ, ಮಾತು ಸುಳ್ಳೇನಲ್ಲ. ಆದರೆ ರೋಲಿನ ಚಿಂತೆ ನೆಪ. ಚೆನ್ನಾಗಿ ಬರದಿದ್ದರೆ ಅನ್ನುವ ಅಂಜಿಕೆಯೇ ನಿಜ.

ಅದರಿಂದ ಏನಾಯಿತು ಅಂದರೆ, ಜನ ಸಾಲಾಗಿ ನಿಂತಾಗ ಮಾತ್ರ ತೆಗೆದೆ. ಬಿಸಿಲು ಚೆನ್ನಾಗಿದ್ದಾಗ ಮಾತ್ರ ತೆಗೆದೆ. ನಿನ್ನ ಅಜ್ಜನ ಫೋಟೋಗಳನ್ನು ನೋಡಿದ್ದೀಯಲ್ಲ? ಎಲ್ಲದರಲ್ಲೂ ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತಿದ್ದಾರೆ. ಅವರು ಹಾಗೆ ನಿಲ್ಲುವವರೇ ಅಲ್ಲ. ಅವರದು ಒಂದು ಅಭ್ಯಾಸವಿತ್ತು. ಓದುವ ಮೊದಲು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಸಮಾಧಾನ ಆಗುತ್ತಿರಲಿಲ್ಲ. ಮತ್ತೆ ಒರೆಸುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಎಷ್ಟೋ ಸಲ ನೋಡಿದ್ದೇನೆ. ಕ್ಯಾಮೆರಾ ಬೀರುವಿನಲ್ಲಿ ಇರುತ್ತಿತ್ತು. ಒಳಗೆ ಬೆಳಕು ಕಡಿಮೆ, ಫಿಲ್ಮು ಐಎಸ್‌ಒ 100, ಅಂದರೆ ಬೆಳಕು ಜಾಸ್ತಿ ಬೇಡುವಂಥದ್ದು, ಅಲ್ಲಾಡಿ ಬಂದರೆ ಅಂತ ಲೆಕ್ಕ ಹಾಕುತ್ತಾ ಕೂತುಬಿಡುತ್ತಿದ್ದೆ. ಈಗ ಆ ಫೋಟೋ ಅಲ್ಲಾಡಿ ಬಂದಿದ್ದರೂ ಫ್ರೇಮು ಹಾಕಿಸುತ್ತಿದ್ದೆ.

ಎಲ್ಲಿಗೋ ಹೋದೆ. ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಇವತ್ತಿನ ಮಾಡೆಲ್‌ಗಳನ್ನೆಲ್ಲ ಬಲ್ಲವಳಲ್ಲ, ತಿಳಿದಷ್ಟು ಹೇಳುತ್ತೇನೆ.

ನೀನು ಗುರುತು ಹಾಕಿ ಕಳಿಸಿದ್ದರಲ್ಲಿ ಆ ಉದ್ದ ಜೂಮ್‌ನದೊಂದು ಇದೆಯಲ್ಲ, ಅದು ಬೇಡ ಅನ್ನಿಸುತ್ತದೆ. ನೋಡಲು ಭರ್ಜರಿ. ಹಿಡಿಕೆ, ದಪ್ಪ ಲೆನ್ಸು, ಎಲ್ಲ ಇದೆ. ಆದರೆ ಬ್ರಿಡ್ಜ್ ಕ್ಯಾಮೆರಾ ಅನ್ನುವ ಆ ಜಾತಿಯಲ್ಲಿ ಬಹುಪಾಲಿಗೆ ಒಳಗಿರುವುದು ನಿನ್ನ ಕ್ಯಾಮೆರಾದ್ದೇ ಅಳತೆಯ ಸೆನ್ಸರ್. ದೂರದ ಹಕ್ಕಿಗೆ ಸರಿ. ಸಂಜೆಯ ಬೆಳಕಿನಲ್ಲಿ ಮನೆಯೊಳಗೆ ತೆಗೆದರೆ ಈಗಿನ ಹಾಗೇ ಕಾಳುಕಾಳಾಗಿ ಬರುತ್ತದೆ. ಆಗ ನೀನು ಏನು ಹೇಳುತ್ತೀಯ? ಇಷ್ಟು ದೊಡ್ಡ ಕ್ಯಾಮೆರಾ ತಗೊಂಡರೂ ಬರಲಿಲ್ಲ, ಹಾಗಾದರೆ ತಪ್ಪು ನನ್ನದೇ ಅಂತ. ಆ ಅನ್ಯಾಯದ ತೀರ್ಪಿಗೆ ನನಗೆ ಹೆದರಿಕೆ.

ಜೇಬಿನಲ್ಲಿ ಇಡುವಂಥದ್ದೇ ಬೇಕು ಅಂದರೆ 1 ಇಂಚಿನ ಸೆನ್ಸರ್ ಇರುವ ಕಾಂಪ್ಯಾಕ್ಟ್‌ಗಳು ಇವೆ. 2012ರಲ್ಲಿ ಸೋನಿ ಆರ್‌ಎಕ್ಸ್‌100 ಬಂದ ಮೇಲೆ ಆ ಸಾಲೇ ಬೆಳೆಯಿತು. ಹೆಸರಿಗೆ 1 ಇಂಚು, ನಿಜದ ಅಳತೆ 13.2 × 8.8 ಮಿಲಿಮೀಟರ್. ಆದರೂ ನಿನ್ನದಕ್ಕಿಂತ ನಾಲ್ಕು ಪಟ್ಟು. ಕಡಿಮೆಯೇನಲ್ಲ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಎ4 ಹಾಳೆಯಷ್ಟು ದೊಡ್ಡ ಪ್ರಿಂಟನ್ನು ಇಂಚಿಗೆ 300 ಚುಕ್ಕೆಯಂತೆ ಹಾಕಿಸಿದರೂ 9 ಮೆಗಾಪಿಕ್ಸೆಲ್ ಸಾಕು. ಅದಕ್ಕಿಂತ ಲೆನ್ಸ್ ನೋಡು. ಕ್ಯಾಮೆರಾ ಜೊತೆ ಬರುವ 18-55 ಮಿಲಿಮೀಟರ್ ಲೆನ್ಸು ಜೂಮ್ ಮಾಡಿದ ತುದಿಯಲ್ಲಿ ಎಫ್/5.6 ಇರುತ್ತದೆ. ಎಫ್/1.8 ಲೆನ್ಸು ಅದಕ್ಕಿಂತ ಹತ್ತಿರಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹೊಸ ಕ್ಯಾಮೆರಾ ತಗೊಂಡು ಮನೆಯೊಳಗೆ ಫೋಟೋ ಬರುತ್ತಿಲ್ಲ ಅಂತ ಕೊರಗುವವರಲ್ಲಿ ಎಷ್ಟೋ ಜನರ ಕಷ್ಟ ಇಷ್ಟೇ. ಅವರೂ ತಮಗೆ ಕಣ್ಣಿಲ್ಲ ಅಂದುಕೊಂಡಿರುತ್ತಾರೆ, ಪಾಪ. ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಅಂದರೆ ಬಾಡಿ, ಅದರ ಮೇಲೆ ಸ್ವಲ್ಪ ಕಡಿಮೆ ಖರ್ಚು ಮಾಡಿ ಅಂಥದ್ದೊಂದು ಪುಟ್ಟ ಲೆನ್ಸ್ ಸೇರಿಸಿಕೋ. ಬಳಸಿದ ಬಾಡಿಯಾದರೂ ಅಡ್ಡಿಯಿಲ್ಲ.

ಡಿಎಸ್‌ಎಲ್‌ಆರೋ ಮಿರರ್‌ಲೆಸ್ಸೋ ಅಂದರೆ, ನಿನ್ನ ಸ್ವಭಾವಕ್ಕೆ ಮಿರರ್‌ಲೆಸ್. ಕನ್ನಡಿ ಇರುವುದರಲ್ಲಿ ಕಣ್ಣಿಟ್ಟರೆ ಎದುರಿನ ದೃಶ್ಯ ಇದ್ದ ಹಾಗೆ ಕಾಣುತ್ತದೆ. ಫೋಟೋ ಕಪ್ಪಾಯಿತೋ ಬೆಳ್ಳಗಾಯಿತೋ ಅನ್ನುವುದು ಕ್ಲಿಕ್ಕಿಸಿದ ಮೇಲೆ. ಮಿರರ್‌ಲೆಸ್‌ನಲ್ಲಿ ಕ್ಲಿಕ್ಕಿಸುವ ಮೊದಲೇ ಫೋಟೋದ ಬೆಳಕು ಸುಮಾರಾಗಿ ತಿಳಿದುಬಿಡುತ್ತದೆ. ಹೆದರುವವರಿಗೆ ಅದು ಒಂದು ಆಸರೆ. ಆದರೆ ಕೈಯಲ್ಲಿ ಹಿಡಿದು ನೋಡದೆ ಯಾವುದನ್ನೂ ತಗೋಬೇಡ. ಭಾರ ಅನ್ನಿಸಿದರೆ ಅದೂ ನನ್ನದರ ಹಾಗೆ ಬೀರು ಸೇರುತ್ತದೆ.

ಮತ್ತೆ ಆ ಸಾಲಿಗೇ ಬರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಕಾಲದಲ್ಲಿ ಫೋಟೋ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಗೊತ್ತಾಗುತ್ತಿರಲಿಲ್ಲ. ರೋಲು ತೊಳೆಸಿಕೊಂಡು ಬರುವ ಹೊತ್ತಿಗೆ ಶಟರ್ ಎಷ್ಟು ಹೊತ್ತು ತೆರೆದಿರಲಿ ಅಂತ ಇಟ್ಟಿದ್ದೆವು ಅನ್ನುವುದೇ ಮರೆತಿರುತ್ತಿತ್ತು. ಉಳಿಯುತ್ತಿದ್ದದ್ದು ನಾಚಿಕೆ ಮಾತ್ರ. ನಿನಗೆ ಹಾಗಲ್ಲ. ಪ್ರತಿ ಫೋಟೋ ಜೊತೆಗೂ ಶಟರ್ ವೇಗ, ಎಫ್ ಸಂಖ್ಯೆ, ಐಎಸ್‌ಒ ಎಲ್ಲ ಉಳಿದಿರುತ್ತವೆ. ತೆಗೆದು ನೋಡು. ಇಡೀ ಫೋಟೋ ಒಂದೇ ಕಡೆಗೆ ಎಳೆದ ಹಾಗಿದ್ದರೆ ಕೈ ಅಲ್ಲಾಡಿದೆ. 50 ಮಿಲಿಮೀಟರ್ ಲೆನ್ಸಿಗೆ ಎಪಿಎಸ್‌-ಸಿಯಲ್ಲಿ 1/80 ಸೆಕೆಂಡಿಗಿಂತ ನಿಧಾನಕ್ಕೆ ಹೋಗದಿದ್ದರೆ ಒಳ್ಳೆಯದು. ಗೋಡೆ ಸ್ಪಷ್ಟವಾಗಿದ್ದು ಓಡುವ ಮಗು ಮಾತ್ರ ಕಲಸಿಹೋಗಿದ್ದರೆ 1/500ಕ್ಕೆ ಏರಿಸು. ಮುಖ ಮಬ್ಬು, ಹಿಂದಿನ ಪರದೆಯ ನೂಲು ಎಣಿಸುವ ಹಾಗಿದ್ದರೆ ಫೋಕಸ್ ಹೋಗಿ ಪರದೆಯ ಮೇಲೆ ಕೂತಿದೆ. ಇದರಲ್ಲಿ ಯಾವುದಾದರೂ ಕಣ್ಣಿಗೆ ಸಂಬಂಧಿಸಿದ್ದಾ, ನೀನೇ ಹೇಳು.

ಇದೆಲ್ಲ ಸರಿಯಾದ ಮೇಲೂ ಫೋಟೋ ಸಪ್ಪೆ ಅನ್ನಿಸಿದರೆ? ಅನ್ನಿಸಬಹುದು. ನಿನ್ನ ಭಯ ಪೂರಾ ಸುಳ್ಳು ಅಂತ ನಾನು ಹೇಳಲಾರೆ. ಆದರೆ ಆ ಪ್ರಶ್ನೆ ಬರುವುದು ಎಷ್ಟೋ ಆಮೇಲೆ. ನೀನು ಅದನ್ನು ಮೊದಲ ವಾರದಲ್ಲೇ ಕೇಳಿಕೊಳ್ಳುತ್ತೀಯ, ಉತ್ತರವನ್ನೂ ನೀನೇ ಕೊಟ್ಟುಕೊಳ್ಳುತ್ತೀಯ ಅನ್ನುವುದೇ ನನ್ನ ಚಿಂತೆ.

ಡಿಜಿಟಲ್ ಕ್ಯಾಮೆರಾವನ್ನು ಮೊದಲು ಕಟ್ಟಿದವನ ಕತೆ ಗೊತ್ತಾ? ಕೊಡಾಕ್‌ನ ಸ್ಟೀವನ್ ಸ್ಯಾಸನ್, 1975ರಲ್ಲಿ. 0.01 ಮೆಗಾಪಿಕ್ಸೆಲ್, ಕಪ್ಪುಬಿಳುಪು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬಾಕೆಯನ್ನು ನಿಲ್ಲಿಸಿ ತೆಗೆದನಂತೆ. ಪರದೆಯ ಮೇಲೆ ಕೂದಲು ಬಂತು, ಮುಖ ಗುರುತೇ ಸಿಗಲಿಲ್ಲ. ಇನ್ನೂ ಕೆಲಸ ಇದೆ ಅಂತ ಹೇಳಿ ಆಕೆ ಹೊರಟುಹೋದಳಂತೆ. ನನಗೆ ಆ ಹೆಂಗಸು ಬಹಳ ಇಷ್ಟ. ನಿನಗೆ ಕಣ್ಣಿಲ್ಲ ಅಂತ ಹೇಳಲಿಲ್ಲ ನೋಡು.

ರಾ ಫೈಲು (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೋಟೋ), ಪೂರ್ತಿ ಮ್ಯಾನ್ಯುವಲ್ ಮೋಡು, ಅದೆಲ್ಲ ಸದ್ಯಕ್ಕೆ ಬದಿಗಿರಲಿ. ಬೇರೆಯವರು ಬೇರೆ ಹೇಳಿಯಾರು. 'ಎ' ಅಥವಾ 'ಎವಿ' ಅಂತ ಇರುವ ಕಡೆ ಡಯಲ್ ತಿರುಗಿಸಿ, ಎಫ್ ಸಂಖ್ಯೆಯನ್ನು ಮಾತ್ರ ನೀನು ನೋಡಿಕೋ, ಐಎಸ್‌ಒ ಆಟೋದಲ್ಲಿರಲಿ. ಶಟರ್ ತೀರಾ ಇಳಿಯುತ್ತಿದೆಯಾ ಅಂತ ಆಗಾಗ ಕಣ್ಣು ಹಾಯಿಸಿದರೆ ಸಾಕು.

ಹೊಸ ಕ್ಯಾಮೆರಾ ಬಂದ ಮೇಲೆ ಅತಿ ಕೆಟ್ಟದಾಗಿ ಬಂದ ಫೋಟೋಗಳನ್ನೇ ಆರಿಸಿ ನನಗೆ ಕಳಿಸು. ಒಳ್ಳೆಯವು ನಿಮ್ಮಮ್ಮನಿಗೆ. ಯಾಕೆ ಕೆಟ್ಟಿತು ಅಂತ ನಿನಗೆ ಅನ್ನಿಸಿದ್ದನ್ನು ಒಂದೊಂದರ ಕೆಳಗೂ ಬರೆ. "ಕಣ್ಣಿಲ್ಲ" ಅಂತ ಬರೆದರೆ ವಾಪಸ್ ಕಳಿಸುತ್ತೇನೆ.

ನಿನ್ನ,
ದೊಡ್ಡಮ್ಮ

ತಾ.ಕ.: ಇನ್ನೊಂದು ಬ್ಯಾಟರಿ ಜೊತೆಗೇ ತಗೋ. ಮಿರರ್‌ಲೆಸ್‌ನಲ್ಲಿ ಪರದೆ ಉರಿಯುತ್ತಲೇ ಇರುವುದರಿಂದ ಬೇಗ ಖಾಲಿಯಾಗುತ್ತದೆ. ಹಳೆಯ ಕ್ಯಾಮೆರಾವನ್ನು ಯಾರಿಗೂ ಕೊಟ್ಟುಬಿಡಬೇಡ, ದೊಡ್ಡದನ್ನು ಹೊರಲು ಬೇಜಾರಾದ ದಿನ ಬೇಕಾಗುತ್ತದೆ.